ಸೀಮಿತ ಹಣದಲ್ಲಿ ಹಳೆಯ ಸ್ಪೋರ್ಟ್ಸ್ ಕಾರು: ಬಣ್ಣಕ್ಕೆ ಮರುಳಾಗುವ ಮೊದಲು ಸಿಲ್ ನೋಡಿ

ಪ್ರಶ್ನೆ: ಕೆಲಸದ ನಿಮಿತ್ತ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಚಿತ್ರದುರ್ಗದಲ್ಲಿ ಅಪ್ಪ ಅಂಬಾಸಡರ್ ಓಡಿಸುತ್ತಿದ್ದರು. ಹಳೆಯ ಕಾರುಗಳ ಹುಚ್ಚು ಹತ್ತಿದ್ದು ಅಲ್ಲಿಂದಲೇ. ಒಂದು ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆಂದು 7,000 ಪೌಂಡ್ ಕೂಡಿಟ್ಟಿದ್ದೇನೆ. 1969ರ ಕೆಂಪು ಎಂಜಿಬಿ ರೋಡ್‌ಸ್ಟರ್ (ಬಟ್ಟೆಯ ಮಾಡಿನ, ಇಬ್ಬರು ಕೂರುವ ಎಂಜಿ ಕಾರು) ಒಂದು 5,500 ಪೌಂಡಿಗೆ ಮಾರಾಟಕ್ಕಿದೆ. ‘ದುರಸ್ತಿ ಮುಕ್ಕಾಲು ಮುಗಿದಿದೆ, ಜೋಡಿಸುವುದಷ್ಟೇ ಬಾಕಿ’ ಎನ್ನುತ್ತಾರೆ ಮಾಲೀಕರು. ಬಣ್ಣ ಹೊಸದು, ಕಣ್ಣು ಕೋರೈಸುತ್ತದೆ. ಮನೆಯಲ್ಲಿ ನಾನು, ಹೆಂಡತಿ, ಐದು ವರ್ಷದ ಮಗಳು. ಗ್ಯಾರೇಜ್ ಇಲ್ಲ. ಈ ಕಾರು ಕೊಳ್ಳಬಹುದೇ? ನಾಲ್ಕೈದು ವರ್ಷಗಳಲ್ಲಿ ಬೆಂಗಳೂರಿಗೆ ಮರಳುವಾಗ ಜೊತೆಗೆ ತರಬಹುದೇ?

ಉತ್ತರ: ಕೊಳ್ಳಬೇಡಿ. ಆ ಕಾರನ್ನು ನಾನು ಕಂಡಿಲ್ಲ, ಆದರೂ ಹೀಗೆ ಹೇಳಲು ನಿಮ್ಮ ಪತ್ರದಲ್ಲಿರುವ ಮೂರು ಮಾತುಗಳೇ ಸಾಕು: ಮುಕ್ಕಾಲು ಮುಗಿದಿದೆ, ಬಣ್ಣ ಹೊಸದು, ಗ್ಯಾರೇಜ್ ಇಲ್ಲ.

ಮುಕ್ಕಾಲು ಮುಗಿದ ಕಾರನ್ನು ಯಾರೂ ಸುಮ್ಮನೆ ಮಾರುವುದಿಲ್ಲ. ಉಳಿದ ಕಾಲು ಭಾಗ ಎಷ್ಟು ಹಣ ನುಂಗುತ್ತದೆ ಎಂದು ಮಾಲೀಕರಿಗೆ ಲೆಕ್ಕ ಸಿಕ್ಕ ದಿನವೇ ಜಾಹೀರಾತು ಹೊರಬೀಳುತ್ತದೆ. ಬಿಚ್ಚಿದ ಕಾರಿನ ಜೊತೆ ಡಬ್ಬಗಳಲ್ಲಿ ತುಂಬಿ ಕೊಡುವ ಬಿಡಿಭಾಗಗಳಲ್ಲಿ ಯಾವುದು ಇದೆ, ಯಾವುದು ಕಳೆದಿದೆ ಎಂಬುದು ಜೋಡಿಸಲು ಕುಳಿತಾಗಲೇ ಗೊತ್ತಾಗುವುದು. ಬೀದಿಬದಿಯಲ್ಲಿ, ಇಂಗ್ಲೆಂಡಿನ ಮಳೆಯಲ್ಲಿ ಕುಳಿತು ಕಾರು ಜೋಡಿಸಲಾಗದು. ನಿಮ್ಮಂಥವರು ಕೊಳ್ಳಬೇಕಾದದ್ದು ಇವತ್ತು ಓಡುತ್ತಿರುವ, ಹೋದ ವರ್ಷವೂ ಓಡಿದ್ದ ಕಾರನ್ನು. ಅದು ಸ್ವಲ್ಪ ಮಂಕಾಗಿದ್ದರೂ, ಸೀಟು ಹರಿದಿದ್ದರೂ ಅಡ್ಡಿಯಿಲ್ಲ.

ಇನ್ನು ಬಣ್ಣ. ‘ಮೇಲೆ ಬಸಪ್ಪ, ಒಳಗೆ ವಿಷಪ್ಪ’ ಎಂಬ ಮಾತು ಹೊಸದಾಗಿ ಬಣ್ಣ ಬಳಿದ ಎಂಜಿಬಿಗಳಿಗೆ ಸೊಗಸಾಗಿ ಹೊಂದುತ್ತದೆ. ಹಳೆಯ ಬಣ್ಣದಲ್ಲಿ ಒಂದು ಪ್ರಾಮಾಣಿಕತೆ ಇರುತ್ತದೆ. ತುಕ್ಕು ಎಲ್ಲಿ ಉಬ್ಬುತ್ತಿದೆಯೋ ಅಲ್ಲಿ ಗುಳ್ಳೆ ಕಾಣುತ್ತದೆ, ನೀವು ಲೆಕ್ಕ ಹಾಕಬಹುದು. ಹೊಸ ಬಣ್ಣ ಆ ಲೆಕ್ಕವನ್ನೇ ಅಳಿಸಿಬಿಡುತ್ತದೆ. ಬಣ್ಣ ಬಳಿಯುವ ಮೊದಲು ಮಾಡಿದ ವೆಲ್ಡಿಂಗ್ ಕೆಲಸದ ಫೋಟೊಗಳು, ಬಿಲ್ಲುಗಳು ಇದ್ದರೆ ಮಾತು ಬೇರೆ. ಇಲ್ಲವಾದರೆ ಅದರ ಅಡಿಯಲ್ಲಿ ಪುಟ್ಟಿ ಇದೆ ಎಂದೇ ತಿಳಿದು ಬೆಲೆ ಕಟ್ಟಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಡಿಮೆ ಹಣದಲ್ಲಿ ಹಳೆಯ ಕಾರು ಕೊಳ್ಳುವವರು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ, ಕ್ರೋಮ್‌ನ ಹೊಳಪು ನೋಡುತ್ತಾರೆ. ನೀವು ಕೊಳ್ಳುತ್ತಿರುವುದು ಅವೆರಡನ್ನೂ ಅಲ್ಲ, ತಗಡನ್ನು. ಎಂಜಿಬಿಯ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲಕ್ಕೂ ಹೊಸ ಬಿಡಿಭಾಗಗಳು ಸುಲಭ ಬೆಲೆಗೆ ಇಂದಿಗೂ ಸಿಗುತ್ತವೆ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರು ಅದು. ಅಷ್ಟು ದೊಡ್ಡ ಸಂಸಾರಕ್ಕೆ ಬಿಡಿಭಾಗದ ಅಂಗಡಿಗಳು ಮುಚ್ಚುವುದಿಲ್ಲ. ಆದರೆ ಕೊಳೆತ ಬಾಡಿಯನ್ನು ಸರಿಪಡಿಸುವುದು ಗಂಟೆಗಳ ಕೂಲಿ, ಇಂಗ್ಲೆಂಡಿನಲ್ಲಿ ಕೂಲಿಯೇ ದುಬಾರಿ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಎಂಜಿಬಿಗೆ ಪೂರ್ತಿ ಹೊಸ ಬಾಡಿಯನ್ನೇ ತಯಾರಿಸಿ ಮಾರುತ್ತಿದೆ. ಬೆಲೆ ಹತ್ತು ಸಾವಿರ ಪೌಂಡಿಗೂ ಮೇಲೆ. ಬರಿಯ ತಗಡಿಗೆ ಅಷ್ಟು ಕೊಡುವವರಿದ್ದಾರೆ ಎಂಬುದೇ ಈ ಕಾರಿನಲ್ಲಿ ಬೆಲೆಬಾಳುವುದು ಯಾವುದು ಎಂದು ತೋರಿಸುತ್ತದೆ.

ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಬೆನ್ನೆಲುಬು. ಬಾಗಿಲಿನ ಕೆಳಗೆ ಉದ್ದಕ್ಕೆ ಸಾಗುವ ಪಟ್ಟಿಗೆ ಸಿಲ್ ಎನ್ನುತ್ತಾರೆ. ಹೊರಗಿನಿಂದ ಒಂದೇ ತಗಡಿನಂತೆ ಕಾಣುವ ಅದರಲ್ಲಿ ಹೊರ ಸಿಲ್, ಒಳ ಸಿಲ್, ನಡುವೆ ಒಂದು ತೆಳು ಗೋಡೆ, ಅಡಿಯಲ್ಲಿ ಕ್ಯಾಸಲ್ ರೈಲ್ ಎಂಬ ಮಡಚಿದ ತೊಲೆ ಇವೆ. ಮುಂದಿನ ಚಕ್ರ ಎರಚಿದ ಕೆಸರು ಮುಂದಿನ ವಿಂಗ್‌ನ, ಅಂದರೆ ಚಕ್ರವನ್ನು ಮುಚ್ಚುವ ತಗಡಿನ ಹಿಂಭಾಗದಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಸುರಿಯುವ ಉಪ್ಪು ಅದಕ್ಕೆ ಸೇರುತ್ತದೆ. ಕೊಳೆಯುವಿಕೆ ಒಳಗಿನಿಂದ ಹೊರಗೆ ಬರುತ್ತದೆ. ಹೊರ ಸಿಲ್‌ನಲ್ಲಿ ಒಂದು ತೂತು ಕಂಡಿತು ಎಂದರೆ ಒಳಗಿನ ಗೋಡೆ ಹೋಗಿ ಬಹಳ ಕಾಲವಾಗಿದೆ ಎಂದರ್ಥ. ರೋಡ್‌ಸ್ಟರ್‌ಗೆ ಲೋಹದ ಮಾಡಿಲ್ಲದ ಕಾರಣ ಕಾರಿನ ಭಾರವನ್ನೆಲ್ಲ ಈ ಸಿಲ್‌ಗಳು ಮತ್ತು ಸೀಟುಗಳ ನಡುವೆ ಉದ್ದಕ್ಕೆ ಸಾಗುವ ತಗಡಿನ ಸುರಂಗವೇ ಹೊರಬೇಕು. ಅವು ಸೋತರೆ ಕಾರು ನಡುವಿನಲ್ಲಿ ಕುಸಿಯುತ್ತದೆ.

ನೋಡಲು ಹೋಗುವಾಗ ಒಂದು ಟಾರ್ಚು, ಒಂದು ಪುಟ್ಟ ಅಯಸ್ಕಾಂತ, ಮಂಡಿಯೂರಲು ಒಂದು ಹಳೆಯ ಚಾಪೆ ಒಯ್ಯಿರಿ. ಹಗಲಲ್ಲೇ ಹೋಗಿ, ಮಳೆ ಬಂದರೆ ಇನ್ನೊಂದು ದಿನ ಹೋಗಿ. ಒದ್ದೆ ಬಣ್ಣ ಎಲ್ಲ ಕಾರುಗಳನ್ನೂ ಸುಂದರವಾಗಿಸುತ್ತದೆ. ಮೊದಲು ಬಾಗಿಲು ಮುಚ್ಚಿ ಅದರ ಸುತ್ತಲಿನ ಸಂದು ನೋಡಿ. ಹಿಂಬದಿಯ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡು ಬಗ್ಗಿಸಿದೆ. ಅಯಸ್ಕಾಂತವನ್ನು ಸಿಲ್ ಉದ್ದಕ್ಕೂ, ವಿಂಗ್‌ಗಳ ಕೆಳತುದಿಗೂ ಹಚ್ಚಿ. ಅಂಟದ ಕಡೆ ಇರುವುದು ತಗಡಲ್ಲ, ಪುಟ್ಟಿ. ಬಾಗಿಲಿನ ಮುಂದಿನ ಮೂಲೆಯ ಕೆಳಗೆ ಸಿಲ್ ಮತ್ತು ಮುಂದಿನ ವಿಂಗ್ ಕೂಡುವಲ್ಲಿ ಒಂದು ನೆಟ್ಟನೆಯ ಗೆರೆ ಇರಬೇಕು. ಆ ಗೆರೆ ಕಾಣದಂತೆ ನುಣುಪಾಗಿದ್ದರೆ ಕೊಳೆತ ಸಿಲ್ ಮೇಲೆಯೇ ಇನ್ನೊಂದು ತಗಡು ಹೊದಿಸಿ ಮುಚ್ಚಿದ್ದಾರೆ ಎಂಬ ಅನುಮಾನ ಬರಬೇಕು. ಸರಿಯಾದ ಕೆಲಸಕ್ಕೆ ಮುಂದಿನ ವಿಂಗ್ ಬಿಚ್ಚಬೇಕು, ಹಿಂದಿನ ವಿಂಗ್‌ನ ಕೆಳಭಾಗ ಕತ್ತರಿಸಬೇಕು. ಆ ತೊಂದರೆ ಯಾರಿಗೆ ಬೇಕು ಎಂದು ಅಡ್ಡದಾರಿ ಹಿಡಿದವರು ಬಹಳ.

ಆಮೇಲೆ ನೆಲಕ್ಕೆ ಮಲಗಿ. ಕ್ಯಾಸಲ್ ರೈಲಿನ ಅಂಚು ಉದ್ದಕ್ಕೂ ಬೆರಳಾಡಿಸಿ. ಹಿಂದಿನ ಪಟ್ಟಿ ಸ್ಪ್ರಿಂಗುಗಳು ಬಾಡಿಗೆ ಕೂಡುವ ಜಾಗಗಳನ್ನು ಟಾರ್ಚು ಹಾಕಿ ನೋಡಿ. ಮಾಲೀಕರು ಒಪ್ಪಿದರೆ ಕಾರಿಗೆ ಮೀಸಲಾದ ಜಾಕ್ ಬಿಂದುವಿನಲ್ಲಿ ಜಾಕ್ ಹಚ್ಚಿ ಎತ್ತಿಸಿ, ಬಾಗಿಲು ತೆಗೆದು ಮುಚ್ಚಿ ನೋಡಿ. ಬಾಗಿಲು ಹಿಡಿದುಕೊಂಡರೆ ಅಲ್ಲಿಗೇ ಧನ್ಯವಾದ ಹೇಳಿ ಹೊರಡಿ. ಕೆಲವು ಕಾರುಗಳಲ್ಲಿ ಜಾಕ್ ಏರುತ್ತದೆ, ಕಾರು ಏರುವುದಿಲ್ಲ. ಆಗ ಧನ್ಯವಾದಕ್ಕೂ ನಿಲ್ಲಬೇಡಿ. ಸೀಟಿನ ಹಿಂದಿರುವ ಬ್ಯಾಟರಿ ಪೆಟ್ಟಿಗೆಗಳ ಮುಚ್ಚಳ ತೆಗೆಸುವುದನ್ನು ಮರೆಯಬೇಡಿ. 1974ರವರೆಗಿನ ಕಾರುಗಳಲ್ಲಿ ಅಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳಿರುತ್ತಿದ್ದವು, ಸೋರಿದ ಆಮ್ಲ ಎಷ್ಟೋ ಪೆಟ್ಟಿಗೆಗಳ ತಳವನ್ನೇ ತಿಂದಿದೆ. ಬಾಗಿಲಿನ ಮೇಲಂಚಿನಲ್ಲಿ ಚಿಕ್ಕ ತ್ರಿಕೋನ ಗಾಜಿನ ಬುಡದಿಂದ ಇಳಿಯುವ ಬಿರುಕು ಈ ಕಾರುಗಳ ಹುಟ್ಟುಗುಣ. ಅದಕ್ಕೆ ಹೆದರಬೇಡಿ, ಚೌಕಾಸಿಗೆ ಬಳಸಿಕೊಳ್ಳಿ.

ಎಂಜಿನ್ನಿನ ವಿಷಯದಲ್ಲಿ ನಿಮಗೆ ಮನೆಯ ಹಿನ್ನೆಲೆಯೇ ಇದೆ. ನಿಮ್ಮ ತಂದೆಯವರ ಅಂಬಾಸಡರ್‌ನಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟರ್ ಕಾರ್ಪೊರೇಷನ್‌ನ ಬಿ ಸರಣಿಗೆ ಸೇರಿದ್ದು. ಎಂಜಿಬಿಯಲ್ಲಿರುವ 1798 ಸಿಸಿ ಎಂಜಿನ್ ಅದರ ಒಡಹುಟ್ಟು. ಎಂಜಿಬಿಗಿಂತ ಮೊದಲು ಬಂದ ಎಂಜಿಎ ಎಂಬ ಚೆಲುವೆ 1955ರಲ್ಲಿ ರಸ್ತೆಗಿಳಿದದ್ದೇ ಆ 1489 ಸಿಸಿ ರೂಪದೊಡನೆ. ಚಿತ್ರದುರ್ಗದ ಟ್ಯಾಕ್ಸಿ ನಿಲ್ದಾಣದ ಮೆಕ್ಯಾನಿಕ್ ಒಬ್ಬರನ್ನು ಕರೆತಂದು ಎಂಜಿಬಿಯ ಬಾನೆಟ್ ಎತ್ತಿ ತೋರಿಸಿದರೆ ಅವರು ಟ್ಯಾಪೆಟ್ ಸರಿಪಡಿಸಲು ಕೈಪಿಡಿ ಕೇಳುವುದಿಲ್ಲ. ಒರಟು, ಗಟ್ಟಿ, ಕ್ಷಮಾಗುಣವುಳ್ಳ ಎಂಜಿನ್ ಅದು. ನೂರು ಅಶ್ವಶಕ್ತಿಗಿಂತ ಕಡಿಮೆ. ವೇಗಕ್ಕಾಗಿ ಕೊಳ್ಳುವ ಕಾರಲ್ಲ.

ಪರೀಕ್ಷೆ ಸರಳ. ಮುಂಚೆಯೇ ಫೋನ್ ಮಾಡಿ ಎಂಜಿನ್ ಬಿಸಿ ಮಾಡಬೇಡಿ ಎನ್ನಿ, ಹೋದೊಡನೆ ಬಾನೆಟ್ ಮುಟ್ಟಿ ನೋಡಿ. ತಣ್ಣನೆಯ ಎಂಜಿನ್ ಹೇಗೆ ಚಾಲೂ ಆಗುತ್ತದೆ, ಯಾವ ಬಣ್ಣದ ಹೊಗೆ ಬರುತ್ತದೆ ಗಮನಿಸಿ. ಚೆನ್ನಾಗಿ ಬಿಸಿಯಾದ ಮೇಲೆ ಗಂಟೆಗೆ 50 ಮೈಲಿ ವೇಗದಲ್ಲಿ ಆಯಿಲ್ ಒತ್ತಡದ ಮುಳ್ಳು 50ರ ಮೇಲಿದ್ದರೆ ಸಾಕು. ಸೀಸವಿಲ್ಲದ ಪೆಟ್ರೋಲಿಗೆ ಹೊಂದುವ ಗಟ್ಟಿ ವಾಲ್ವ್ ಸೀಟುಗಳನ್ನು ಹೆಡ್‌ಗೆ ಹಾಕಿಸಿದ್ದಾರೆಯೇ ಎಂದು ಕೇಳಿ. ಹಾಕಿಸಿದ್ದರೆ ಬಿಲ್ಲು ಇರುತ್ತದೆ. ಓವರ್‌ಡ್ರೈವ್, ಅಂದರೆ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್, ಕೆಲಸ ಮಾಡಲೇಬೇಕು, ಅದಿಲ್ಲದೆ ಹೆದ್ದಾರಿಯಲ್ಲಿ ಕಿವಿ ದಣಿಯುತ್ತದೆ. ಇಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲ್ ಎಂದರೆ ಶೇಕಡ 10ರಷ್ಟು ಎಥನಾಲ್ ಬೆರೆತದ್ದು. ಹಳೆಯ ರಬ್ಬರ್ ಪೈಪುಗಳಿಗೆ ಅದು ಆಗದು. ಶೇಕಡ 5ರ ದುಬಾರಿ ಪೆಟ್ರೋಲನ್ನೇ ಹಾಕಿಸಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನನ್ನ ಉತ್ತರ ಕೇಳಿ ಎಂಜಿ ಕ್ಲಬ್ಬುಗಳ ಹಿರಿಯರು ಮೂಗು ಮುರಿಯುತ್ತಾರೆ: ರಬ್ಬರ್ ಬಂಪರಿನ ಎಂಜಿಬಿ ಜಿಟಿ (ಲೋಹದ ಮಾಡಿನ ಎಂಜಿಬಿ), 1976ರ ಬೇಸಿಗೆಯ ನಂತರದ್ದು.

ಅಮೆರಿಕದ ಡಿಕ್ಕಿ ನಿಯಮಗಳಿಗೆ ಹೊಂದಲು 1974ರ ಕೊನೆಗೆ ಎಂಜಿಬಿಗೆ ದಪ್ಪ ಕಪ್ಪು ಬಂಪರುಗಳನ್ನು ತೊಡಿಸಿ, ಕಾರನ್ನು ಸುಮಾರು ಒಂದು ಇಂಚು ಮೇಲಕ್ಕೆತ್ತಿದರು. ಹೆಸರಿಗೆ ರಬ್ಬರ್, ಒಳಗಿರುವುದು ಉಕ್ಕು, ಹೊರಗೆ ಪಾಲಿಯುರಿಥೇನ್ ಕವಚ. ಅಭಿಮಾನಿಗಳು ಅದನ್ನು ಐವತ್ತು ವರ್ಷವಾದರೂ ಕ್ಷಮಿಸಿಲ್ಲ. ಎತ್ತರವಾದ ಮೇಲೆ ಮೊದಲೆರಡು ವರ್ಷಗಳ ಕಾರುಗಳು ತಿರುವಿನಲ್ಲಿ ಓಲಾಡುತ್ತಿದ್ದುದೂ ನಿಜ. ಆದರೆ 1976ರ ಜೂನ್‌ನಲ್ಲಿ ಕಾರ್ಖಾನೆಯವರು ಹಿಂದೆಯೂ ಓಲಾಟ ತಡೆಯುವ ಕಂಬಿ (ಆ್ಯಂಟಿ ರೋಲ್ ಬಾರ್) ಹಾಕಿ, ಎಂಜಿನ್ ತಂಪಿಗೆ ವಿದ್ಯುತ್ ಫ್ಯಾನ್ ಕೊಟ್ಟರು, ಓವರ್‌ಡ್ರೈವ್ ಗುಂಡಿಯನ್ನು ಗೇರ್ ಹಿಡಿಯ ಮೇಲೆಯೇ ತಂದರು. ಆ ಕಾರು ಓಡಿಸಲು ಸುಖವಾಗಿದೆ. ಫ್ಯಾಷನ್ನಿಗೆ ಬೇಡವಾದದ್ದರಿಂದ ಎಂಜಿಬಿ ಸಂಸಾರದಲ್ಲೇ ಅಗ್ಗ. ಕ್ರೋಮ್ ಬಂಪರಿನ ಕೊಳೆತ ರೋಡ್‌ಸ್ಟರ್‌ಗೆ ಕೊಡುವ ಹಣದಲ್ಲಿ ಈ ಬಗೆಯ ಗಟ್ಟಿ ಜಿಟಿ ಸಿಗುತ್ತದೆ. ಬೇರೆಯವರ ಅಭಿರುಚಿಯೇ ನಿಮಗೆ ರಿಯಾಯಿತಿ.

ಜಿಟಿಗೆ ಇನ್ನೂ ಒಂದು ಕಾರಣವಿದೆ. ರೋಡ್‌ಸ್ಟರ್ ಇಬ್ಬರ ಕಾರು, ನೀವು ಮೂವರು. ಜಿಟಿಯ ಹಿಂದೆ ಸೀಟು ಎಂದು ಕರೆಯಬಹುದಾದ ಒಂದು ಹಲಗೆ ಇದೆ. ಪಿನಿನ್‌ಫರೀನಾ ಕೈಯಾಡಿಸಿದ ಆ ಇಳಿಜಾರು ಮಾಡಿನ ಕೆಳಗೆ ದೊಡ್ಡವರು ಕೂರಲಾರರು, ಐದು ವರ್ಷದ ಮಗು ಕೂರಬಹುದು. ಮೂಲದಲ್ಲಿ ಬೆಲ್ಟ್ ಇಲ್ಲದ ಹಳೆಯ ಕಾರುಗಳ ಹಿಂದಿನ ಸೀಟಿನಲ್ಲಿ ಮೂರು ವರ್ಷ ದಾಟಿದ ಮಕ್ಕಳನ್ನು ಕೂರಿಸಲು ಇಲ್ಲಿನ ಕಾನೂನು ಬಿಡುತ್ತದೆ. ನಾನು ಬಿಡುವುದಿಲ್ಲ. ಮೊದಲ ತಿಂಗಳ ಖರ್ಚಿನಲ್ಲೇ ಹಿಂದೆ ಬೆಲ್ಟ್ ಹಾಕಿಸಿ. ಗಟ್ಟಿ ಮಾಡು ಇರುವುದರಿಂದ ಬೀದಿಯಲ್ಲಿ ನಿಲ್ಲುವ ಕಾರಿಗೂ ಅದೇ ವಾಸಿ. ಬಟ್ಟೆಯ ಮಾಡನ್ನು ಸೀಳಲು ಒಂದು ಬ್ಲೇಡು ಸಾಕು. ಹೊದಿಕೆ ಹಾಕುವುದಾದರೆ ಗಾಳಿಯಾಡುವಂಥದ್ದನ್ನು ಕೊಳ್ಳಿ. ಪ್ಲಾಸ್ಟಿಕ್ ಹೊದಿಸಿದರೆ ಅಡಿಯಲ್ಲಿ ಬೆವರಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ.

ಬೇರೆ ಕಾರುಗಳನ್ನೂ ನೋಡಿ, ಬೇಡ ಎನ್ನುವುದಿಲ್ಲ. ಟ್ರಯಂಫ್ ಸ್ಪಿಟ್‌ಫೈರ್‌ಗೆ ಪ್ರತ್ಯೇಕ ಚಾಸಿ ಇದೆ. ಅದು ಟ್ರಯಂಫ್ ಹೆರಾಲ್ಡ್‌ನ ಚಾಸಿಯನ್ನೇ ಗಿಡ್ಡ ಮಾಡಿದ್ದು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ತಯಾರಾಗುತ್ತಿದ್ದದ್ದು ಅದೇ ಹೆರಾಲ್ಡ್. ಮುಂಭಾಗವಿಡೀ ಬಾನೆಟ್ ಆಗಿ ಮುಂದಕ್ಕೆ ತೆರೆದುಕೊಳ್ಳುವುದರಿಂದ ಚಕ್ರದ ಮೇಲೆ ಕುಳಿತೇ ಎಂಜಿನ್ ಕೆಲಸ ಮಾಡಬಹುದು, ಕಲಿಯುವವರಿಗೆ ಇಷ್ಟು ಸಲೀಸಾದ ಕಾರು ಇನ್ನೊಂದಿಲ್ಲ. ನೋಡುವಾಗ ಒಬ್ಬರಿಗೆ ಕ್ಲಚ್ ತುಳಿಯಲು ಹೇಳಿ, ನೀವು ಎಂಜಿನ್ ಮುಂದಿನ ರಾಟೆಯನ್ನು ಗಮನಿಸಿ. ಅದು ಕಣ್ಣಿಗೆ ಕಾಣುವಷ್ಟು ಮುಂದೆ ಸರಿದರೆ ಕ್ರ್ಯಾಂಕಿನ ಥ್ರಸ್ಟ್ ವಾಷರ್ ಸವೆದಿದೆ, ಬಿಟ್ಟುಬಿಡಿ. ಆದರೆ ಅದೂ ಇಬ್ಬರ ಕಾರೇ. ಮಜ್ದಾ ಎಂಎಕ್ಸ್-5, ಅಂದರೆ 1989ರಲ್ಲಿ ಬಂದ ಕಣ್ಣೆತ್ತುವ ದೀಪಗಳ ಮೊದಲ ಮಾದರಿ, ದಿನಾ ಕಚೇರಿಗೆ ಒಯ್ಯುವುದಾದರೆ ಇವೆಲ್ಲಕ್ಕಿಂತ ಬುದ್ಧಿವಂತ ಆಯ್ಕೆ. ಹಿಂದಿನ ಚಕ್ರದ ಮುಂದಿರುವ ಸಿಲ್ ತುದಿಯಲ್ಲಿ ಮಾತ್ರ ತುಕ್ಕು ಹುಡುಕಿ. ಅಪ್ಪನ ಅಂಬಾಸಡರ್ ನೆನಪಿಗೆ ಕಾರು ಹುಡುಕುವವರಿಗೆ ಅದು ತೀರಾ ಒಳ್ಳೆಯ ಕಾರಾದೀತು.

ಕಾಗದಪತ್ರಗಳ ಬಗ್ಗೆ ಒಂದು ಬಲೆ ಹೇಳಬೇಕು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. 2018ರ ಮೇ ತಿಂಗಳಿಂದ, ದೊಡ್ಡ ಮಾರ್ಪಾಡು ಆಗಿರದಿದ್ದರೆ, ವರ್ಷವರ್ಷದ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ಲಂಡನ್ನಿನ ಮಾಲಿನ್ಯ ಶುಲ್ಕದಿಂದಲೂ ವಿನಾಯಿತಿ ಇದೆ. ಮಾರುವವರು ಇದನ್ನೆಲ್ಲ ಕಾರಿನ ಗುಣದಂತೆ ಹೇಳುತ್ತಾರೆ. ‘ಎಂಒಟಿ ಬೇಕಿಲ್ಲ’ ಎಂದರೆ ಯಾರೂ ಬಹಳ ದಿನಗಳಿಂದ ಕಾರಿನ ಅಡಿಗೆ ಇಣುಕಿಲ್ಲ ಎಂದೂ ಅರ್ಥವಾದೀತು. ತಪಾಸಣೆಯ ಗರಿಷ್ಠ ಶುಲ್ಕ 54.85 ಪೌಂಡ್. ‘ನಾನೇ ಕೊಡುತ್ತೇನೆ, ಮಾಡಿಸೋಣ’ ಎನ್ನಿ. ಒಪ್ಪದವರ ಕಾರು ಬೇಡ. ಹಳೆಯ ತಪಾಸಣೆಗಳ ವಿವರ ನೋಂದಣಿ ಸಂಖ್ಯೆ ಹಾಕಿದರೆ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮನೆಯಿಂದ ಹೊರಡುವ ಮೊದಲೇ ಓದಿ. ಯಾವ ವರ್ಷ ಯಾವ ಕಡೆ ತುಕ್ಕು ಬರೆದಿದ್ದಾರೆ, ಮರುವರ್ಷ ಅದು ಮಾಯವಾಗಿದ್ದು ಹೇಗೆ, ಮೀಟರಿನ ಮೈಲಿಗಳು ಕ್ರಮವಾಗಿ ಏರಿವೆಯೇ ಎಂಬುದೆಲ್ಲ ಅಲ್ಲಿರುತ್ತದೆ. ಚಾಸಿ ಸಂಖ್ಯೆ ನೋಂದಣಿ ಪತ್ರದೊಡನೆ ತಾಳೆಯಾಗಬೇಕು ಎಂದು ಬೇರೆ ಹೇಳಬೇಕಿಲ್ಲ.

ಹಣ: ಏಳು ಸಾವಿರ ಇದೆಯೆಂದು ಏಳು ಸಾವಿರದ ಕಾರು ನೋಡಬೇಡಿ. ಐದು ಸಾವಿರದೊಳಗೆ ಕಾರು ಮುಗಿಸಿ. ಹಳೆಯ ಕಾರು ಕೊಂಡವರ ಮೊದಲ ವರ್ಷ ಟೈರು, ಬ್ರೇಕ್ ಪೈಪು, ರೇಡಿಯೇಟರ್ ಎಂದು ಕೈ ಚಾಚುತ್ತಲೇ ಇರುತ್ತದೆ. ಟೈರುಗಳು ನೋಡಲು ಚೆನ್ನಾಗಿ ಕಂಡರೂ ಹತ್ತು ವರ್ಷ ಹಳೆಯವಾದರೆ ಬದಲಿಸಿ. ತಯಾರಾದ ವಾರ ಮತ್ತು ವರ್ಷ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಬಾಡಿಯ ಒಳಸಂದುಗಳಿಗೆ ಮೇಣ ಹೊಡೆಸುವುದು ಮೊದಲ ಚಳಿಗಾಲದ ಮುಂಚೆ ಆಗಬೇಕು. ವಿಮೆಗೆ ಹಳೆಯ ಕಾರುಗಳಿಗೆಂದೇ ಇರುವ ಪಾಲಿಸಿ ಮಾಡಿಸಿ: ವರ್ಷಕ್ಕೆ ಇಷ್ಟೇ ಮೈಲಿ ಎಂದು ಒಪ್ಪಿಕೊಂಡರೆ ಕಂತು ಇಳಿಯುತ್ತದೆ, ಕಾರಿನ ಬೆಲೆಯನ್ನು ಮುಂಗಡವಾಗಿ ಒಪ್ಪಿಸಿಕೊಂಡರೆ ಅಪಘಾತವಾದಾಗ ಜಗಳವಿಲ್ಲ. ಎಂಜಿ ಓನರ್ಸ್ ಕ್ಲಬ್ ಅಥವಾ 1930ರಿಂದ ಇರುವ ಎಂಜಿ ಕಾರ್ ಕ್ಲಬ್ ಸೇರಿ. ಸದಸ್ಯತ್ವಕ್ಕೆ ವಿಮೆಯಲ್ಲಿ ರಿಯಾಯಿತಿ ಸಿಗುವುದುಂಟು, ಅದಕ್ಕಿಂತ ಹೆಚ್ಚಾಗಿ ಕಾರು ನೋಡಲು ಜೊತೆಗೆ ಬರುವ ಅನುಭವಿ ಕಣ್ಣೊಂದು ಸಿಗುತ್ತದೆ.

ಕೊನೆಗೆ, ಬೆಂಗಳೂರು. ಸಾಮಾನ್ಯ ಹಳೆಯ ಕಾರುಗಳಲ್ಲಿ ಮೂರು ವರ್ಷಕ್ಕಿಂತ ಹಳೆಯದನ್ನು ಭಾರತಕ್ಕೆ ತರಲಾಗದು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಕಾರನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ನಿಯಮ ಬಂದಿದೆ. ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯೆ, 20,000 ರೂಪಾಯಿ ಶುಲ್ಕ, 10 ವರ್ಷ ಮಾನ್ಯತೆ. ನೀವು ಮರಳುವ ಹೊತ್ತಿಗೆ 1977ರ ಜಿಟಿ 50 ದಾಟಿರುತ್ತದೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಭಾನುವಾರ ನಂದಿ ಬೆಟ್ಟಕ್ಕೆ ಹೊರಟೆ ಎಂದರೆ ನಡೆಯದು. ಸುಂಕ, ಹಡಗಿನ ಬಾಡಿಗೆ ಸೇರಿದರೆ ಮೂಗಿಗಿಂತ ಮೂಗುತಿ ಭಾರ. ಅಲ್ಲಿನ ಬಂಕುಗಳಲ್ಲಿ ಈಗ ಸಿಗುವುದು ಶೇಕಡ 20ರ ಎಥನಾಲ್ ಪೆಟ್ರೋಲ್ ಬೇರೆ.

ಆದ್ದರಿಂದ ತರುವ ಯೋಚನೆ ಬಿಡಿ. ಇಲ್ಲೇ ಓಡಿಸಿ, ಇಲ್ಲೇ ಮಾರಿ. ಕೊಳ್ಳಲು ನವೆಂಬರ್ ಅಥವಾ ಡಿಸೆಂಬರ್ ಹೇಳಿ ಮಾಡಿಸಿದ ಕಾಲ; ಚಳಿಗೆ ಯಾರೂ ಕಾರು ನೋಡಲು ಬರುವುದಿಲ್ಲ, ಮಾಲೀಕರು ಮೆತ್ತಗಿರುತ್ತಾರೆ. ಮಾರುವುದಾದರೆ ಊರಿಗೆ ಹೊರಡುವ ವರ್ಷದ ಏಪ್ರಿಲ್ ಕೊನೆಗೆ ಜಾಹೀರಾತು ಹಾಕಿ, ಜೊತೆಗೆ ಪ್ರತಿ ವರ್ಷದ ಎಂಒಟಿ ಪತ್ರ ಮತ್ತು ವೆಲ್ಡಿಂಗ್ ಫೋಟೊಗಳ ಕಡತವನ್ನು ತೋರಿಸಿ.